ತೂಬಿನಿಂದಾಚೆ

ಜೇವರ್ಗಿ ತಾಲ್ಲೂಕಿನ ಒಂದು ಉಪಕಾಲುವೆ. ಅದರ ಕೊನೆಯ ತೂಬಿಗೆ ಬಾಗಿಲೇ ಇಲ್ಲ, ತಗಡು ಎಂದೋ ಹೋಗಿದೆ. ಆ ಜಾಗದಲ್ಲಿ ಎರಡು ಕಲ್ಲು, ಮಣ್ಣು ತುಂಬಿದ ಒಂದು ಗೊಬ್ಬರದ ಚೀಲ, ಸಂದಿಗೆ ತುರುಕಿದ ಹಳೆ ಸೀರೆಯ ತುಂಡು. ಪಕ್ಕದ ಸಿಮೆಂಟ್ ಗೋಡೆಯ ಮೇಲೆ ಸುಣ್ಣದಲ್ಲಿ ಎಳೆದ ಗೆರೆ. ಏನಿದು ಎಂದು ಕೇಳಿದೆ. "ನಮ್ದೇ ಗುರ್ತು ಅದಾರಿ. ನೀರು ಆ ಗೆರಿ ಮುಟ್ಟಿದ್ರ ನನ್ನ ಹೊಲಕ್ಕ ಹರೀತದ, ಇಲ್ಲಂದ್ರ ಇಲ್ಲ" ಅಂದರು ಹೊಲದ ಹಿರಿಯರು.

ಈ ತೂಬಿಗೆ ನೀರು ಬರಬೇಕಾದದ್ದು ನಾರಾಯಣಪುರದ ಬಸವಸಾಗರ ಜಲಾಶಯದಿಂದ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಎಡದಂಡೆ ಕಾಲುವೆ ಮುಪ್ಪಾಗಿತ್ತು. ಒಳಮೈ ಕಿತ್ತುಬಂದು, ಹೂಳು ತುಂಬಿ, ಏರಿಯ ಮೇಲೆ ಜಾಲಿ ಬೆಳೆದಿತ್ತು. ಅದರ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಕಾಮಗಾರಿಯನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಕಾಲುವೆಯ ಸಾಮರ್ಥ್ಯ 10,000 ಕ್ಯುಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷ ರೈತರಿಗೆ ಇದರಿಂದ ಅನುಕೂಲ ಎಂಬ ಲೆಕ್ಕವನ್ನು ಅಂದೇ ಕೊಡಲಾಯಿತು.

ಈ ಕೆಲಸ ಆಗಲೇಬೇಕಿತ್ತು. ನಮ್ಮ ಎರೆ ಭೂಮಿ ಸಿಮೆಂಟಿಗೆ ಕಡುವೈರಿ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಎರೆ ಮಣ್ಣಿನ ಮೇಲೆಯೇ ಕಾಂಕ್ರೀಟ್ ಹಾಸಿದರೆ ಕೆಲವೇ ಮಳೆಗಾಲಗಳಲ್ಲಿ ಹಲಗೆಗಳು ಎದ್ದು ನಿಲ್ಲುತ್ತವೆ. ನಡುವೆ ಉಬ್ಬದ ಗರಸಿನ ದಪ್ಪ ಪದರ ಕೊಟ್ಟರೆ ಮಾತ್ರ ಅದು ಬಾಳುತ್ತದೆ. ಹೊಸ ಕಾಮಗಾರಿಯಲ್ಲಿ ನಾನು ಹೆಚ್ಚು ಮೆಚ್ಚುವುದು ಆ ಕಾಂಕ್ರೀಟನ್ನಲ್ಲ, ಅಳತೆಯನ್ನು. ಕಂಪ್ಯೂಟರಿನಿಂದ ಏರಿಳಿಯುವ ಗೇಟುಗಳು ಎಷ್ಟು ನೀರು ಹೋಯಿತು ಎಂಬುದನ್ನು ದಾಖಲಿಸುತ್ತವೆ. ಕಣ್ಣಂದಾಜಿನಲ್ಲಿ ನೀರು ಬಿಡುತ್ತಿದ್ದ ನಾಡಿಗೆ ಇದು ದೊಡ್ಡ ಹೆಜ್ಜೆ.

ಆದರೆ ಆ ಅಳತೆ ಯಾರ ಕೈಯಲ್ಲಿದೆ? ಸುಣ್ಣದ ಗೆರೆ ಎಳೆದುಕೊಂಡ ಆ ಹಿರಿಯರಿಗೆ ಗೇಟಿನ ಲೆಕ್ಕ ತಿಳಿಯದು. ತಮ್ಮ ಉಪಕಾಲುವೆಗೆ ಈ ಸರದಿಯಲ್ಲಿ ಎಷ್ಟು ನೀರು ಬರಬೇಕಿತ್ತು, ಎಷ್ಟು ಬಂತು ಎಂಬುದನ್ನು ತೂಬಿನ ಬಳಿ ಒಂದು ಫಲಕದ ಮೇಲೆ ಬರೆದಿದ್ದರೆ ಅವರು ಕೇಳಬೇಕಾದ ಕಡೆ ಕೇಳುತ್ತಿದ್ದರು. ಗೇಟು ಕೋಟಿ ಬಾಳುತ್ತದೆ, ಫಲಕಕ್ಕೆ ಒಂದು ಡಬ್ಬಿ ಬಣ್ಣ ಸಾಕು. ಆ ಬಣ್ಣ ಬಳಿಯುವ ತನಕ ಈ ಆಧುನೀಕರಣ ಅರ್ಧ ಕೆಲಸ ಎಂದೇ ನಾನು ಹೇಳುತ್ತೇನೆ.

ಇನ್ನೊಂದು ಅರ್ಧ ಬೆಳೆಯಲ್ಲಿದೆ. ಈ ಯೋಜನೆ ಭತ್ತಕ್ಕಾಗಿ ರೂಪುಗೊಂಡದ್ದಲ್ಲ. ಬರಪೀಡಿತ ಸೀಮೆಯ ಜೋಳ, ತೊಗರಿ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆ ನೀರು ಹಂಚುವುದು ಅದರ ಮೂಲ ಲೆಕ್ಕ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ಅಲ್ಲಿ ನೀರು ನಿಂತು ನೆಲ ಸವಳು-ಜವಳಾಯಿತು, ಕೆಳಗೆ ಹೊಲ ಒಣಗಿತು. ಒಂದೇ ನೀರು ಎರಡು ಕಡೆ ಹಾಳುಮಾಡಿತು. ಮೇಲಿನ ರೈತನನ್ನು ಬೈದು ಪ್ರಯೋಜನವಿಲ್ಲ, ಭತ್ತಕ್ಕೆ ಖರೀದಿಯ ಭರವಸೆ ಇದೆ, ಅವನೂ ಸಂಸಾರಸ್ಥ. ಆದರೆ ಗೇಟು ಹೊಸದಾದ ಮಾತ್ರಕ್ಕೆ ಈ ಗಂಟು ಬಿಚ್ಚಿಕೊಳ್ಳುವುದಿಲ್ಲ ಎಂಬುದನ್ನು ಯೋಜನೆಯವರು ಒಪ್ಪಿಕೊಳ್ಳಬೇಕು. ತೊಗರಿಗೆ ನಂಬಿಕೆಯ ಬೆಲೆ ಸಿಗದೆ ನೀರು ಉಳಿಯದು.

ಅಫಜಲಪುರದ ಕತೆ ಬೇರೆ. ಭೀಮಾ ನದಿಗೆ ಸೊನ್ನದ ಬಳಿ ಬ್ಯಾರೇಜು ಕಟ್ಟಿ, ಬಳೂಂಡಗಿ ಮತ್ತು ಅಳ್ಳಗಿ ಕಾಲುವೆಗಳಿಗೆ ನೀರನ್ನು ಪಂಪಿನಿಂದ ಎತ್ತುತ್ತಾರೆ. ಅಚ್ಚುಕಟ್ಟು ಸುಮಾರು 24 ಸಾವಿರ ಹೆಕ್ಟೇರ್. ಎತ್ತಿದ ನೀರಿಗೆ ಕರೆಂಟಿನ ಬೆಲೆ ಸೇರಿರುತ್ತದೆ. ಅದು ಬಿರುಕಿನಲ್ಲಿ ಇಂಗಿ ಹೋದರೆ ನೀರೂ ಹೋಯಿತು, ಕರೆಂಟೂ ಹೋಯಿತು. ಜೇವರ್ಗಿ, ಅಫಜಲಪುರ, ಆಳಂದ ಈ ಮೂರೂ ತಾಲ್ಲೂಕುಗಳಲ್ಲಿ ಮೊದಲು ಪೈಪು ಹಾಕಬೇಕಾದ ಜಾಗ ಯಾವುದೆಂದು ಕೇಳಿದರೆ ನಾನು ಸೊನ್ನದ ಕೆಳಗಿನ ವಿತರಣಾ ಕಾಲುವೆಗಳನ್ನು ತೋರಿಸುತ್ತೇನೆ. ಭೀಮೆಯನ್ನೇ ನಂಬಿ ಕೂರುವಂತೆಯೂ ಇಲ್ಲ. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟು ಇದೆ. 2020ರ ಅಕ್ಟೋಬರಿನಲ್ಲಿ ಊರೂರು ಮುಳುಗಿಸಿದ ಇದೇ ನದಿಗೆ 2024ರ ಬೇಸಿಗೆಯಲ್ಲಿ ನೀರು ಬಿಡಿಸಿರೆಂದು ಅಫಜಲಪುರದ ಜನ ಧರಣಿ ಕೂತರು.

ಹನಿ ನೀರಾವರಿಯೇ ಎಲ್ಲಕ್ಕೂ ಮದ್ದು ಎನ್ನುವವರಿದ್ದಾರೆ. ಎರಡು ಹೆಕ್ಟೇರಿನ ತನಕ ಸರ್ಕಾರ ಶೇ 90ರಷ್ಟು ಸಹಾಯಧನ ಕೊಡುತ್ತದೆ, ನಿಜ. ಆದರೆ ಹನಿಗೆ ದಿನ ಬಿಟ್ಟು ದಿನ ನೀರು ಬೇಕು, ಕಾಲುವೆ ಸರದಿಯ ಮೇಲೆ ಬರುತ್ತದೆ. ಹೀಗಾಗಿ ಹನಿಯ ಲಾಭ ಬಹುಪಾಲು ಬೋರ್‌ವೆಲ್ ಇದ್ದವನಿಗೇ ಸಿಗುತ್ತದೆ. ಕಾಲುವೆ ರೈತನಿಗೆ ಸಿಗಬೇಕಾದರೆ ಹೊಲದ ಮೇಲ್ಮೂಲೆಯಲ್ಲಿ ಒಂದು ಕೃಷಿ ಹೊಂಡ ಬೇಕು, ಸರದಿಯ ನೀರನ್ನು ಅಲ್ಲಿ ಹಿಡಿದಿಡಬೇಕು. ಹೊಂಡಕ್ಕೊಂದು ಸಹಾಯಧನ, ಪೈಪಿಗೊಂದು ಸಹಾಯಧನ ಎಂದು ಬೇರೆ ಬೇರೆ ಕಚೇರಿಗೆ ಅಲೆಯುವಂತಾದರೆ ಎರಡೂ ಕೂಡಿಬರುವುದಿಲ್ಲ. ಹುನಗುಂದ ತಾಲ್ಲೂಕಿನ ರಾಮಥಾಳ ಯೋಜನೆಯಲ್ಲಿ 24 ಸಾವಿರ ಹೆಕ್ಟೇರಿಗೆ ಒಟ್ಟಾಗಿ ಹನಿ ನೀರಾವರಿ ಅಳವಡಿಸಿದರು. ಕಲ್ಪನೆ ದೊಡ್ಡದು. ಆದರೆ ಹೊಲದೊಳಗಿನ ಪೈಪು ಕೆಟ್ಟಾಗ ನೋಡುವವರಿಲ್ಲದೆ ಎಷ್ಟೋ ರೈತರು ಅದನ್ನು ಕೈಬಿಟ್ಟರು. ನೀರು ಬಳಕೆದಾರರ ಸಂಘ ಜೀವಂತ ಇಲ್ಲದ ಊರಿನಲ್ಲಿ ಯಾವ ಯಂತ್ರವೂ ನಿಲ್ಲುವುದಿಲ್ಲ.

ಆಳಂದದ ಅಮರ್ಜಾ ಸಣ್ಣ ನದಿ. ಕೊರಳ್ಳಿಯಲ್ಲಿ ಅಣೆಕಟ್ಟು ದಾಟಿ, ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಮಳೆ ಕೈಕೊಟ್ಟ ವರ್ಷ ಅಲ್ಲಿ ಕುಡಿಯುವ ನೀರಿನ ಮಾತೇ ಮೊದಲು, ಕಾಲುವೆಯ ಮಾತು ಆಮೇಲೆ. ಯೋಜನೆ ಚಿಕ್ಕದಾದ್ದರಿಂದಲೇ ಅಲ್ಲಿ ಕೆಲಸವನ್ನು ತಲೆಕೆಳಗು ಮಾಡಿ ನೋಡಬಹುದು. ಮೊದಲು ಕೊನೆಯ ತೂಬಿಗೆ ಬಾಗಿಲು, ಫಲಕ. ಆಮೇಲೆ ಅಲ್ಲಿಂದ ಕೆಳಗಿನ ಹೊಲಗಾಲುವೆ, ಅದಾದ ಮೇಲೆ ಉಪಕಾಲುವೆ. ಮುಖ್ಯ ಕಾಲುವೆಯ ಟೆಂಡರು ಕೊನೆಗೆ. ಒಂದು ಹಂಗಾಮು ಹೀಗೆ ನಡೆಸಿ, ಕೊನೆಯ ಹೊಲಕ್ಕೆ ಎಷ್ಟು ಸರದಿ ನೀರು ಮುಟ್ಟಿತು ಎಂದು ಎಣಿಸಲಿ. ಜೇವರ್ಗಿಯ ಆ ಹಿರಿಯರ ಗೋಡೆಯ ಗೆರೆಯನ್ನು ಈ ಸಲದ ಮಳೆ ಅರ್ಧ ತೊಳೆದಿದೆ, ಮತ್ತೆ ಸುಣ್ಣ ಕಲಸಬೇಕು ಅನ್ನುತ್ತಿದ್ದರು.