ಹಕ್ಕಿಗಣ್ಣಿನ ಕಡಲು, ಕಲ್ಯದ ಕಲ್ಲು

ನಮ್ಮ ರಾಮನಗರ ಸೀಮೆಯ ಕಲ್ಯದ ಬೆಟ್ಟದಿಂದ ಕಡಲು ಕಾಣುವುದಿಲ್ಲ. ಜಪಾನಿನ ಚಿತ್ರಕಾರ ಯೋಶಿದಾ ಹತ್ಸುಸಬುರೊ (1884–1955) ಆ ನೋಟವನ್ನು ಬರೆದಿದ್ದರೆ ಕಾಣುತ್ತಿತ್ತು. ರೈಲು ಕಂಪನಿಗಳಿಗೂ ಊರುಗಳಿಗೂ ಅವರು ಬರೆದುಕೊಟ್ಟ ಪಕ್ಷಿನೋಟದ ಚಿತ್ರಗಳು ಸಾವಿರಕ್ಕೂ ಹೆಚ್ಚು. ಮಡಚಿ ಜೇಬಿಗಿಡಬಹುದಾದ ಆ ಉದ್ದನೆಯ ಬಣ್ಣದ ಹಾಳೆಗಳು ಜನರನ್ನು ಕಡಲತೀರಕ್ಕೆ, ಬಿಸಿನೀರಿನ ಬುಗ್ಗೆಗೆ, ದೇಗುಲಕ್ಕೆ ಕರೆದವು. 1913ರ ಕೆಯಿಹಾನ್ ರೈಲುಮಾರ್ಗದ ಚಿತ್ರವನ್ನು ಮರುವರ್ಷ ಯುವರಾಜ ಹಿರೋಹಿತೊ ಮೆಚ್ಚಿದ್ದೇ ತಡ, ಅವರ ದಾರಿ ತೆರೆಯಿತು.

ಅವರು ಕರಾವಳಿಯ ಎರಡೂ ತುದಿಗಳನ್ನು ಬಿಲ್ಲಿನಂತೆ ಬಗ್ಗಿಸುತ್ತಾರೆ. ನಡುವಿನ ಊರನ್ನು ಹಿಗ್ಗಿಸುತ್ತಾರೆ. ಎಲ್ಲೋ ದೂರದ ಫ್ಯೂಜಿ ಪರ್ವತವನ್ನು ದಿಗಂತಕ್ಕೆ ತಂದು ನಿಲ್ಲಿಸುತ್ತಾರೆ. ರೈಲುಹಾದಿ ಕೆಂಪು ಗೆರೆಯಾಗಿ ಹರಿಯುತ್ತದೆ. ಸರ್ವೆ ನಕ್ಷೆಯ ಲೆಕ್ಕದಲ್ಲಿ ಇದೆಲ್ಲ ತಪ್ಪು. ಆದರೆ ಜಾತ್ರೆಯಲ್ಲಿ ಕೊಂಡು, ಕಟ್ಟು ಹಾಕಿಸಿ, ದೇವರಕೋಣೆಯಲ್ಲಿ ತೂಗುಹಾಕುವ ಕ್ಷೇತ್ರದ ಪಟದಲ್ಲೂ ದೇವರು, ಗೋಪುರ, ಬೆಟ್ಟ, ಹೊಳೆ ಒಟ್ಟಿಗೇ ಇರುತ್ತವಲ್ಲ? ಅಳತೆ ಕೆಟ್ಟರೂ ನಂಟು ಕೆಡುವುದಿಲ್ಲ. ಯಾವ ಊರು ಯಾವುದಕ್ಕೆ ಹತ್ತಿರ, ಎಲ್ಲಿ ಇಳಿದರೆ ಏನು ಸಿಗುತ್ತದೆ ಎಂಬುದು ಒಂದೇ ನೋಟಕ್ಕೆ ಮನಸ್ಸಿಗಿಳಿಯುತ್ತದೆ. ಹತ್ಸುಸಬುರೊ ಅವರ ದೊಡ್ಡ ಗೆಲುವು ಇದೇ.

ನಮ್ಮ ಸೀಮೆಯನ್ನು ಹೊರಗಿನವರಿಗೆ ತೋರಿಸಿದ ಚಿತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ 1791ರ ಡಿಸೆಂಬರ್‌ನಲ್ಲಿ ಸಾವನದುರ್ಗವನ್ನು ಹಿಡಿಯಿತು. ಸೈನ್ಯದೊಂದಿಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ದುರ್ಗದ ನೋಟಗಳು 1794ರಲ್ಲಿ ಅಚ್ಚಾದವು. ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಅಲ್ಲಿ ಬೆಟ್ಟ ಗೆದ್ದವರ ಸೊತ್ತು. ಹತ್ಸುಸಬುರೊ ಅವರ ಹಾಳೆಯಲ್ಲಿ ನೋಡುವವನು ಬರಲಿರುವ ನೆಂಟ. ನನಗೆ ಈ ಎರಡನೆಯ ಕಣ್ಣೇ ಹೆಚ್ಚು ಮಾನವೀಯ.

ಆದರೂ ಈ ಆದರಕ್ಕೆ ಒಂದು ಬೆಲೆಯಿದೆ. ಪ್ರಚಾರದ ಕಡಲು ಸದಾ ನೀಲಿ, ಸದಾ ಶಾಂತ. ಮುಂಗಾರಿನ ಅಬ್ಬರವಾಗಲಿ, ಬಲೆ ಎಳೆಯುವವರ ದಣಿವಾಗಲಿ ಅದರಲ್ಲಿಲ್ಲ. ಮಾರಲಾಗದ್ದು ಹಾಳೆಯಿಂದ ಹೊರಗುಳಿಯುತ್ತದೆ. ಇದು ಕಲಾವಿದನಿಗೆ ಕಣ್ಣಿಲ್ಲದ್ದರಿಂದ ಬಂದ ಕೊರತೆಯಲ್ಲ. ಜಪಾನಿನ ತನೆಸಾಶಿಯ ಕಡಲತೀರದಲ್ಲೇ ಅವರ ಕಾರ್ಯಾಗಾರವಿತ್ತು; ಕಡಲನ್ನು ಅವರು ಹತ್ತಿರದಿಂದ ಕಂಡವರು. ಯುದ್ಧದ ಬಳಿಕ ಅಣುಬಾಂಬಿಗೆ ಬೆಂದ ಹಿರೋಷಿಮಾವನ್ನೂ ಅದೇ ಹಕ್ಕಿಗಣ್ಣಿನಿಂದ ಚಿತ್ರಿಸಿದರು. ಸಂತಸ ಮಾರಿದ ಕುಂಚಕ್ಕೆ ಸಂಕಟವನ್ನು ಹೊರುವ ಬಲವೂ ಇತ್ತು. ಪ್ರಚಾರ ಅದನ್ನು ಕೇಳಲಿಲ್ಲ, ಅಷ್ಟೆ.

ನಾಳೆ ಯಾರಾದರೂ ರಾಮನಗರ ಸೀಮೆಯ ಪಕ್ಷಿನೋಟ ಬರೆದರೆ ಸಾವನದುರ್ಗ ಹಿಗ್ಗುತ್ತದೆ, 'ಶೋಲೆ' ಸಿನಿಮಾದ ಬಂಡೆಗಳು ಮೇಲೇಳುತ್ತವೆ, ಚನ್ನಪಟ್ಟಣದ ಬೊಂಬೆಗಳು ಮೂಲೆಯಲ್ಲಿ ನಗುತ್ತವೆ, ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಕಲ್ಯ? ಜೈನರ ಮತ್ತು ಶ್ರೀವೈಷ್ಣವರ ವ್ಯಾಜ್ಯ ತೀರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ ವಿಜಯನಗರದ ಬುಕ್ಕರಾಯನ 1368ರ ಶಾಸನ ಸಿಕ್ಕ ಊರಿದು. ಅಳತೆಯಲ್ಲಿ ಆ ಕಲ್ಲು ಒಂದು ಚುಕ್ಕೆಯೂ ಆಗಲಾರದು. ಆದರೆ ಈ ಕಲೆ ಎಂದೂ ಅಳತೆಗೆ ಕಟ್ಟುಬಿದ್ದದ್ದಲ್ಲ. ಫ್ಯೂಜಿಯನ್ನು ಹತ್ತಿರ ತಂದಂತೆ ಆ ಕಲ್ಲನ್ನೂ ಹಾಳೆಯ ನಡುವೆ ಹಿಗ್ಗಿಸುವ ಕುಂಚ ನಮಗೆ ಬೇಕು.