ಅಸಲಿನಂತೆ ಎಂಬ ಅಳತೆಗೋಲು

ಡಿಜಿಟಲ್ ಪಿಯಾನೊ ಮಾರುವವರೆಲ್ಲ ಬಳಸುವ ಒಂದು ಮಾತಿದೆ. ಅಸಲಿ ಗ್ರ್ಯಾಂಡ್ ಪಿಯಾನೊ ನುಡಿಸಿದ ಹಾಗೆಯೇ ಇರುತ್ತದೆ ಎಂಬ ಮಾತು ಅದು. ಇದೇನೂ ಹೊಸ ವರಸೆಯಲ್ಲ. ವನಸ್ಪತಿ ಬಂದಾಗ ತುಪ್ಪದಂತೆಯೇ ಎಂದರು, ರೆಗ್ಜಿನ್ ಬಂದಾಗ ಚರ್ಮದಂತೆಯೇ ಎಂದರು. ತುಪ್ಪ ಉಂಡವರಿಗೆ ವನಸ್ಪತಿ ಎಷ್ಟು ದೂರದ್ದು ಎಂದು ನಾಲಗೆಯೇ ಹೇಳುತ್ತಿತ್ತು. ಆದರೆ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನ ಹುಡುಗನೊಬ್ಬ ಪಿಯಾನೊ ಕುರಿತ ಈ ಮಾತನ್ನು ಕೇಳಿದರೆ ಏನು ಮಾಡಬೇಕು? ಅವನ ಬೆರಳು ಗ್ರ್ಯಾಂಡ್ ಪಿಯಾನೊವನ್ನು ಮುಟ್ಟಿಲ್ಲ. ಅವನಪ್ಪ ಮುಟ್ಟಿಲ್ಲ, ಅವನಿಗೆ ಸರಿಗಮ ಹೇಳಿಕೊಟ್ಟ ಮಾಸ್ತರರೂ ಮುಟ್ಟಿಲ್ಲ. ಉಂಡೇ ಇರದ ತುಪ್ಪದ ರುಚಿಗೆ ಹೋಲಿಸಿ ವನಸ್ಪತಿ ಮಾರಿದ ಹಾಗೆ ಇದು.

ನಾವು ಗ್ರ್ಯಾಂಡ್ ಪಿಯಾನೊವನ್ನು ಕಂಡದ್ದು ಹಿಂದಿ ಸಿನಿಮಾಗಳಲ್ಲಿ. ಮೆಹಬೂಬ್ ಖಾನರ 1949ರ 'ಅಂದಾಜ್'ನಲ್ಲಿ ದಿಲೀಪ್ ಕುಮಾರ್ ಪಿಯಾನೊ ಮುಂದೆ ಕೂರುತ್ತಾರೆ. ದನಿ ಮುಕೇಶರದು, ಸಂಗೀತ ನೌಶಾದರದು. ಆಮೇಲೆ ಎಷ್ಟೋ ಚಿತ್ರಗಳಲ್ಲಿ ಶ್ರೀಮಂತರ ಹಜಾರ, ಸೂಟು ತೊಟ್ಟ ಅತಿಥಿಗಳು, ನಡುವೆ ರೆಕ್ಕೆ ಎತ್ತಿದ ಕಪ್ಪು ಪಿಯಾನೊ. ಅದರ ಮುಂದೆ ಕೂತವನು ಬಹುಮಟ್ಟಿಗೆ ಪ್ರೇಮದಲ್ಲಿ ಸೋಲುವವನೇ ಆಗಿರುತ್ತಿದ್ದ. ನಮ್ಮ ಪಾಲಿಗೆ ಪಿಯಾನೊ ವಾದ್ಯವಾಗುವ ಮೊದಲೇ ಅಂತಸ್ತಾಗಿಬಿಟ್ಟಿತ್ತು. ಹಳೆಯ ಮೈಸೂರಿನ ಕತೆ ಬೇರೆ. ಅಲ್ಲಿ ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಕಲಿತವರು. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೊ ರಚನಕಾರ ಲಂಡನ್ನಿನಲ್ಲಿ ಮುಪ್ಪು ಕಳೆಯುತ್ತಿದ್ದಾಗ ಆತನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ. ಆ ಹೊತ್ತಿಗೆ ನಮ್ಮ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು, ಮಾನ್ವಿ ಸೀಮೆಯ ಹಳ್ಳಿಗಳಿಗೆ ಬಂದು ತಲುಪಿದ್ದು ಪೇಟಿ ಮಾತ್ರ.

ಹಾರ್ಮೋನಿಯಂ ಎನ್ನುವ ಈ ಪೇಟಿಯ ಕತೆಯನ್ನು ಇಲ್ಲಿ ಹೇಳಲೇಬೇಕು. ಅಸಲು-ನಕಲಿನ ಜಗಳದಲ್ಲಿ ಅದರಷ್ಟು ಪೆಟ್ಟು ತಿಂದ ವಾದ್ಯ ನಮ್ಮಲ್ಲಿ ಇನ್ನೊಂದಿಲ್ಲ. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬೆ ಎಂಬಾತ ಅದನ್ನು ರೂಪಿಸಿದ. ದೊಡ್ಡ ಪೈಪ್ ಆರ್ಗನ್ ಕೊಳ್ಳಲಾಗದವರಿಗೆ ಅದು ಆರ್ಗನ್ನಿನ ಅಗ್ಗದ ಬದಲಿಯಾಯಿತು, ಅಂದರೆ ಯುರೋಪಿನಲ್ಲೇ ಅದು ನಕಲು. ಕಾಲಿನಿಂದ ಗಾಳಿ ತುಂಬಬೇಕಿದ್ದ ಆ ಮೇಜುಪೆಟ್ಟಿಗೆಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನೆಲಕ್ಕಿಳಿಸಿದರು. ಎಡಗೈ ತಿದಿ ಒತ್ತುತ್ತದೆ, ಬಲಗೈ ನುಡಿಸುತ್ತದೆ, ಬಾಯಿ ಹಾಡುತ್ತದೆ. ಇಷ್ಟಾದದ್ದೇ ತಡ, ಅದು ಕಂಪನಿ ನಾಟಕಕ್ಕೆ ಹೋಯಿತು, ತತ್ವಪದದವರ ಮುಂದೆ ಕೂತಿತು, ಉರುಸಿನ ಕವ್ವಾಲಿಗೆ ಹೋಯಿತು. ಆಕಾಶವಾಣಿ ಮಾತ್ರ 1940ರಲ್ಲಿ ಅದನ್ನು ಹೊರಗಿಟ್ಟಿತು. ಪರದೇಶಿ, ಶ್ರುತಿಗಳನ್ನು ಕೊಲ್ಲುವಂಥದು, ಮೀಂಡ್ ಬಾರದ್ದು ಎಂಬುವು ಆರೋಪಗಳು. ಆಕಾಶವಾಣಿಯೊಳಗೆ ಅದರ ವಿರುದ್ಧ ಬರೆದವರಲ್ಲಿ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರನೂ ಇದ್ದ. ಒಬ್ಬ ಇಂಗ್ಲಿಷರವನು ನಮ್ಮ ಪೇಟಿಯನ್ನು ಪರದೇಶಿ ಎಂದದ್ದು ನಗೆ ಬರಿಸುತ್ತದೆ, ಆದರೆ ರವೀಂದ್ರರಿಗೂ ಪೇಟಿ ಸೇರುತ್ತಿರಲಿಲ್ಲ. 1971ರಲ್ಲಿ ನಿಷೇಧ ಸಡಿಲಾಯಿತು, ಅದೂ ಪಕ್ಕವಾದ್ಯವಾಗಿ, ಷರತ್ತುಗಳೊಡನೆ. ಆ ಮೂವತ್ತು ವರ್ಷ ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು ನುಡಿಸುವುದನ್ನೇನೂ ಬಿಡಲಿಲ್ಲ. 1917ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ ಅವರು ತಂತಿಯಿಲ್ಲದ ಪೇಟಿಯಿಂದ ಗಾಯಕಿ ಅಂಗ ಹೊರಡಿಸಿದವರು. ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಕೇಳಿ ಬೆಳೆದ ನಮ್ಮ ಜಿಲ್ಲೆಯಲ್ಲಿ ಇಂದು ಪೇಟಿಯನ್ನು ನಕಲು ಎನ್ನುವವರಿಲ್ಲ. ಈಗ ಅದೇ ಅಸಲು, 'ಕ್ಯಾಸಿಯೊ' ನಕಲು! (1980ರಿಂದ ಕೀಬೋರ್ಡ್ ಮಾಡುತ್ತಿರುವ ಆ ಜಪಾನಿ ಕಂಪನಿಯ ಹೆಸರು ನಮ್ಮ ಕಡೆ ಎಲ್ಲ ಕೀಬೋರ್ಡುಗಳಿಗೂ ಅಂಟಿದೆ.)

ಸಂಗೀತ ಹಲಾಲೋ ಹರಾಮೋ ಎಂದು ಕೇಳುವವರಿಗೆ ಇಲ್ಲಿ ಉತ್ತರ ಕೊಡಲು ನಾವು ಹೊರಟಿಲ್ಲ. ಚಿಶ್ತಿಗಳ ಸಮಾ ಕೂಟಗಳ ಕಾಲದಿಂದಲೂ ನಡೆದುಬಂದ ಆ ವಾದ ನಡೆಯುತ್ತಲೇ ಇರಲಿ.

ಪೇಟಿಯ ಕತೆ ಕೇಳಿದವರು, ಹಾಗಾದರೆ ಅಸಲು ಎಂಬುದೇ ಸುಳ್ಳು, ಯಾವ ಪಿಯಾನೊ ಆದರೇನು ಎಂದು ಬೇಗ ತೀರ್ಮಾನಕ್ಕೆ ಬರಬಹುದು. ಅದನ್ನು ನಾವು ಒಪ್ಪುವುದಿಲ್ಲ. ನಮ್ಮ ಅಕ್ಕನ ಮಗನ ಜೊತೆ ಅಂಗಡಿಯೊಂದಕ್ಕೆ ಹೋಗಿದ್ದೆವು. ಅವನು ಊರಿನ ಭಜನೆ ಮಾಸ್ತರರ ಬಳಿ ಪೇಟಿ ಕಲಿತವನು. ಈಗ ಪಾಶ್ಚಾತ್ಯ ಪಿಯಾನೊದ ಗ್ರೇಡ್ ಪರೀಕ್ಷೆ ಕಟ್ಟಬೇಕೆಂದಿದ್ದಾನೆ. "ಮಾಮೂ, ಅಸಲೀ ಜೈಸಾಚ್ ಹೋನಾ" ಎಂದ. ಶಾಲೆಯಲ್ಲಿ ಕಲಿತ ಉರ್ದುವಿನಲ್ಲಿ 'ಹೋನಾ' ಎಂದರೆ ಆಗುವುದು, ಇರುವುದು. ನಮ್ಮ ದಖನಿಯಲ್ಲಿ ಅದಕ್ಕೆ ಬೇಕು ಎಂದರ್ಥ. ಅಂಗಡಿಯವರು ಊರು ಯಾವುದೆಂದು ಕೇಳಿದರು. ಕೇಳಿದ ಮೇಲೆ ಅರವತ್ತೊಂದು ಕೀಗಳ, ಇನ್ನೂರು ತಾಳಗಳ, ಬೆಳಕು ಮಿನುಗುವ ಕೀಬೋರ್ಡೊಂದನ್ನು ತೆಗೆದು ಮುಂದಿಟ್ಟು, "ಹಳ್ಳಿಗೆ ಇಷ್ಟು ಸಾಕು ಬಿಡ್ರಿ" ಎಂದರು. ಸಮಸ್ಯೆ ಇರುವುದು ಈ 'ಸಾಕು' ಎಂಬ ಪದದಲ್ಲಿ. ಗ್ರ್ಯಾಂಡ್ ಇದ್ದಂತೆ ಎಂಬ ಉತ್ಪ್ರೇಕ್ಷೆ ದುಡ್ಡಿದ್ದವರಿಗೆ, ಇಷ್ಟು ಸಾಕು ಎಂಬ ತೀರ್ಪು ಹಳ್ಳಿಯವರಿಗೆ. ನಮ್ಮ ಮಕ್ಕಳ ಪುಸ್ತಕ, ಶಾಲೆ, ಆಸ್ಪತ್ರೆ ಎಲ್ಲದರಲ್ಲೂ ನಾವು ಕೇಳುತ್ತ ಬಂದಿರುವ ತೀರ್ಪೇ ಇದು.

ಆ ಅರವತ್ತೊಂದು ಕೀಗಳ ಪೆಟ್ಟಿಗೆ ಏಕೆ ಸಾಲದು ಎಂಬುದು ತಿಳಿಯಬೇಕಾದರೆ ಬೆರಳಿನ ಕೆಲಸವನ್ನು ಗಮನಿಸಬೇಕು. ಪೇಟಿಯಲ್ಲಿ ದನಿಯ ಏರಿಳಿತ ಇರುವುದು ಎಡಗೈಯ ತಿದಿಯಲ್ಲಿ. ಬಲಗೈ ಕೀಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ರೀಡಿಗೆ ಗಾಳಿಯ ದಾರಿ ತೆರೆಯುವುದಷ್ಟೇ ಅದರ ಕೆಲಸ. ಪಿಯಾನೊದಲ್ಲಿ ತಿದಿಯಿಲ್ಲ, ಹತ್ತೂ ಬೆರಳುಗಳೇ ತಿದಿ. ಬೆರಳು ಕೀಯನ್ನು ಎಷ್ಟು ವೇಗವಾಗಿ ಇಳಿಸುತ್ತದೋ ಅಷ್ಟು ವೇಗದಲ್ಲಿ ಒಳಗೆ ಉಣ್ಣೆಯ ಫೆಲ್ಟ್ ಸುತ್ತಿದ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ. ಗ್ರ್ಯಾಂಡ್‌ನಲ್ಲಿ ಕೀ ಇಳಿಯುವುದು ಸುಮಾರು ಹತ್ತು ಮಿಲಿಮೀಟರ್, ಅದನ್ನು ಇಳಿಸಲು ಬೇಕಾದದ್ದು ಐವತ್ತು ಗ್ರಾಂ ಆಸುಪಾಸಿನ ಭಾರ. ಆ ಹತ್ತು ಮಿಲಿಮೀಟರಿನಲ್ಲೇ ಪಿಸುಮಾತೂ ಗುಡುಗೂ ಎರಡೂ ಇವೆ. ಅಗ್ಗದ ಕೀಬೋರ್ಡಿನ ಕೀಗಳು ಸ್ಪ್ರಿಂಗ್ ಮೇಲೆ ಕೂತಿರುತ್ತವೆ, ಒತ್ತಿದರೆ ಪುಟಿಯುತ್ತವೆ. ನಗರದ ಮಗು ವಾರಕ್ಕೊಮ್ಮೆಯಾದರೂ ಟೀಚರ್ ಮನೆಯಲ್ಲಿ ನಿಜವಾದ ಪಿಯಾನೊ ಮುಟ್ಟೀತು, ಬೆರಳಿನ ತಪ್ಪು ಅಲ್ಲಿ ತಿದ್ದೀತು. ಹಿರೇಕೊಟ್ನೆಕಲ್‌ನ ಹುಡುಗನಿಗೆ ಮನೆಯ ವಾದ್ಯವೇ ಉಸ್ತಾದ್. ಪೇಟಿಯಿಂದ ಬಂದ ಅವನ ಬಲಗೈ ಈಗಾಗಲೇ ಭಾರ ಅರಿಯದ ಕೈ. ಹಗುರ ಕೀಗಳ ಮೇಲೆ ಅದೇ ರೂಢಿ ಇನ್ನೂ ಗಟ್ಟಿಯಾಗುತ್ತದೆ, ಪರೀಕ್ಷೆಯ ದಿನ ಬೇರೆ ಊರಿನಲ್ಲಿ ನಿಜವಾದ ಪಿಯಾನೊ ಮುಂದೆ ಕೂರಿಸಿದರೆ ಅರ್ಧ ಸ್ವರಗಳು ಕೇಳಿಸುವುದೇ ಇಲ್ಲ. ಹಳ್ಳಿಯವನಿಗೆ ಕಡಿಮೆಯದು ಸಾಕು ಎಂಬ ತರ್ಕ ಇಲ್ಲಿ ತಲೆಕೆಳಗಾಗುತ್ತದೆ. ಒಳ್ಳೆಯ ಕೀಗಳು ಹೆಚ್ಚು ಬೇಕಾದದ್ದು ಅವನಿಗೇ.

ಹಾಗಾದರೆ ಡಿಜಿಟಲ್ ಪಿಯಾನೊ ಇದನ್ನು ಎಷ್ಟರ ಮಟ್ಟಿಗೆ ಮಾಡುತ್ತದೆ? ಒಳಗೆ ತಂತಿಯಿಲ್ಲ. ಯಾವುದೋ ದೊಡ್ಡ ಗ್ರ್ಯಾಂಡ್‌ನ ಒಂದೊಂದು ಸ್ವರವನ್ನೂ ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ನುಡಿಸಿ ಮುದ್ರಿಸಿಟ್ಟುಕೊಂಡಿರುತ್ತಾರೆ. ಕೀಯ ಕೆಳಗಿರುವ ಎರಡು ಅಥವಾ ಮೂರು ಸೆನ್ಸರುಗಳು ಬೆರಳಿನ ವೇಗ ಅಳೆದು ತಕ್ಕ ದನಿ ಹೊರಡಿಸುತ್ತವೆ. ಭಾರಕ್ಕಾಗಿ ಕೀಯ ಹಿಂದೆ ನಿಜವಾದ ಪುಟ್ಟ ಸುತ್ತಿಗೆಗಳನ್ನೇ ಕೂರಿಸುತ್ತಾರೆ, ಅವು ತಂತಿಗೆ ಬಡಿಯುವುದಿಲ್ಲ, ಬೆರಳಿಗೆ ಎದುರು ನಿಲ್ಲುವುದಷ್ಟೇ ಅವುಗಳ ಕೆಲಸ. ಎಡಗಡೆಯ ಮಂದ್ರದ ಕೀಗಳು ತುಸು ಭಾರ, ಬಲಗಡೆಯವು ಹಗುರ. ಗ್ರ್ಯಾಂಡ್‌ನಲ್ಲಿ ಕೀ ಪೂರ್ತಿ ಮೇಲೇಳುವ ಮೊದಲೇ ಅದೇ ಸ್ವರವನ್ನು ಮತ್ತೆ ನುಡಿಸಬಹುದು. ಅದು 1821ರಲ್ಲಿ ಪ್ಯಾರಿಸ್ಸಿನ ಎರಾರ್ ಕಂಡುಹಿಡಿದ ಉಪಾಯ. ಡಿಜಿಟಲ್‌ನಲ್ಲಿ ಆ ಕೆಲಸ ಮೂರನೆಯ ಸೆನ್ಸರಿನದು. ಇನ್ನೂ ಮುಂದೆ ಹೋಗಿ ಯಮಾಹಾ 2009ರಲ್ಲಿ ಅವಾಂಟ್‌ಗ್ರ್ಯಾಂಡ್ ಎಂಬುದನ್ನು ತಂದಿತು, ಅದರಲ್ಲಿ ಗ್ರ್ಯಾಂಡ್‌ನ ಪೂರ್ತಿ ಕೀಲುಯಂತ್ರವೇ ಇದೆ, ತಂತಿಗಳಿಲ್ಲ. 2015ರಲ್ಲಿ ಕ್ಯಾಸಿಯೊ ಕಂಪನಿಯೂ ಜರ್ಮನಿಯ ಬೆಶ್ಟೈನ್ ಜೊತೆ ಸೇರಿ ಅಂಥದೇ ಒಂದನ್ನು ಮಾಡಿತು. ಅವುಗಳ ಬೆಲೆಗೆ ನಮ್ಮ ಕಡೆ ಹಳೆಯ ಟ್ರ್ಯಾಕ್ಟರ್ ಬರುತ್ತದೆ, ಆ ಮಾತು ಬಿಡಿ.

ನಕಲು ಸೋಲುವ ಜಾಗವೊಂದಿದೆ. ಗ್ರ್ಯಾಂಡ್‌ನ ಇನ್ನೂರಕ್ಕೂ ಹೆಚ್ಚು ತಂತಿಗಳು ಪೆಡಲ್ ಒತ್ತಿದಾಗ ಒಂದನ್ನೊಂದು ಕೇಳಿಸಿಕೊಂಡು ಮಿಡಿಯುತ್ತವೆ. ಬಾರಿಸದ ತಂತಿಯೂ ಸಣ್ಣಗೆ ನುಡಿಯುತ್ತದೆ. ಕೆಳಗಿನ ಮರದ ಹಲಗೆ ಪೂರ್ತಿ ನಡುಗಿ, ಆ ನಡುಕ ನೆಲಕ್ಕೂ ನುಡಿಸುವವನ ಮೈಗೂ ಬರುತ್ತದೆ. ಇದನ್ನೂ ಲೆಕ್ಕ ಹಾಕಿ ಹುಟ್ಟಿಸುವ ಯಂತ್ರಗಳು ಬಂದಿವೆ. ಆದರೂ ಅಂಗೈಯಗಲದ ಸ್ಪೀಕರಿನಿಂದ ಬರುವ ದನಿ ಎದುರಿಗಿದ್ದವನ ಮಾತಿನಂತೆ ಕೇಳುತ್ತದೆಯೇ ಹೊರತು ಮನೆಯೇ ಮಾತಾಡಿದಂತೆ ಕೇಳುವುದಿಲ್ಲ. ಕತೆ ಬರೆಯುವವರಿಗೂ ಈ ತೊಂದರೆ ಗೊತ್ತು. ಪಾತ್ರದ ಮಾತನ್ನು ಎಷ್ಟು ನಿಖರವಾಗಿ ಇಳಿಸಿದರೂ ಆ ಮಾತು ಕೇಳಿ ಸುಮ್ಮನಿದ್ದವರ ಮೈ ಹೇಗೆ ಅದುರಿತು ಎಂಬುದು ಬರುವುದು ಕಷ್ಟ.

ಇನ್ನು, ಅಸಲು ಎಂದರೆ ಯಾವ ಅಸಲು? ಒಂಬತ್ತು ಅಡಿ ಉದ್ದದ, ಅರ್ಧ ಟನ್ ತೂಗುವ ಕಚೇರಿಯ ಪಿಯಾನೊ ಒಂದು ಬಗೆ. ಮನೆಯ ಐದಡಿಯ ಗ್ರ್ಯಾಂಡ್ ಇನ್ನೊಂದು ಬಗೆ. ಒಂದೇ ಕಂಪನಿಯ ಎರಡು ಗ್ರ್ಯಾಂಡ್‌ಗಳ ಕೀಗಳೂ ಒಂದೇ ಭಾರ ಇರುವುದಿಲ್ಲ. ಬೇರೆ ಊರಿಗೆ ಹೋದ ಪಿಯಾನೊ ವಾದಕ ಅಲ್ಲಿರುವ ವಾದ್ಯಕ್ಕೆ ತನ್ನ ಬೆರಳನ್ನು ಹೊಂದಿಸಿಕೊಳ್ಳಬೇಕು, ಪೇಟಿಯವರಂತೆ ಬಗಲಲ್ಲಿ ಹೊತ್ತು ತರಲಾಗದು. ಮೇಲಾಗಿ ಗ್ರ್ಯಾಂಡ್ ಎಂಬುದು ನಮ್ಮ ರಾಯಚೂರಿನ ಬೇಸಿಗೆಗೆ ಮಾಡಿದ ವಸ್ತುವಲ್ಲ. ನಲವತ್ತು ಡಿಗ್ರಿ ದಾಟಿದ ಒಣ ಬಿಸಿಲಿಗೆ ಮರ ಬಿರಿಯುತ್ತದೆ, ಮಳೆಗಾಲಕ್ಕೆ ಉಬ್ಬುತ್ತದೆ, ತಂತಿ ಸಡಿಲುತ್ತದೆ. ಶ್ರುತಿ ಮಾಡುವವನು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕು. ಈ ಹವೆಯಲ್ಲಿ ಶ್ರುತಿ ಕೆಡದೆ ಬದುಕಬಲ್ಲ ಪಿಯಾನೊ ಡಿಜಿಟಲ್ ಒಂದೇ. ಘೋಷರ ಪೇಟಿ ನೆಲದ ಮೇಲೆ ಕೂರುವವರಿಗಾಗಿ ಬದಲಾದಂತೆ ಇದು ನಮ್ಮ ಧೂಳಿಗೆ, ಸೆಖೆಗೆ ಒಗ್ಗುವ ರೂಪ ಎಂದುಕೊಂಡರೆ ನಕಲು ಎಂಬ ಕೀಳರಿಮೆ ಅರ್ಧ ಇಳಿಯುತ್ತದೆ. ರಾಗ ನುಡಿಸಬೇಕೆಂದು ಕೊಳ್ಳುವವರು ಮಾತ್ರ ಯೋಚಿಸಬೇಕು. ಪೇಟಿಯ ಮೇಲೆ ಹೊರಿಸಿದ ಶ್ರುತಿಯ ಆರೋಪ, ಮೀಂಡಿನ ಆರೋಪ ಎರಡೂ ಪಿಯಾನೊಗೂ ಅಷ್ಟೇ ನಿಜ. ಅದ್ನಾನ್ ಸಾಮಿಯಂಥವರು ತಬಲಾದೊಡನೆ ಅದರಲ್ಲಿ ರಾಗ ನುಡಿಸಿದ್ದಾರೆ, ಕೇಳಲು ಸೊಗಸು, ಆದರೆ ಅದು ಸಂತೂರಿನ ದಾರಿ, ಗಾಯಕಿಯ ದಾರಿಯಲ್ಲ.

ಅಂಗಡಿಗೆ ಹೋದಾಗ ನಮ್ಮ ಹುಡುಗನಿಗೆ ನಾವು ಹೇಳಿದ್ದು ಇಷ್ಟು. ತಾಳದ ಗುಂಡಿಗಳನ್ನು ನೋಡಬೇಡ. ಎಂಬತ್ತೆಂಟು ಕೀ ಇರಲಿ, ಹಿಂದೆ ಸುತ್ತಿಗೆ ಇರಲಿ. ಒಂದೇ ಸ್ವರವನ್ನು ಹತ್ತು ಸಲ, ಪ್ರತಿ ಸಲವೂ ಹಿಂದಿನದಕ್ಕಿಂತ ಮೆಲ್ಲಗೆ ನುಡಿಸು. ಆರನೆಯದಕ್ಕೋ ಏಳನೆಯದಕ್ಕೋ ದನಿ ಥಟ್ಟನೆ ಸತ್ತರೆ ಆ ಯಂತ್ರ ಬೇಡ. ಕೀಯ ತುದಿಯಲ್ಲಷ್ಟೇ ಒತ್ತಬೇಡ, ಕಪ್ಪು ಕೀಗಳ ನಡುವೆ ಒಳಗೆ ಬೆರಳಿಟ್ಟು ಒತ್ತು. ಒಳಗಿನ ಕೀಲು ಗಿಡ್ಡವಿದ್ದರೆ ಅಲ್ಲಿ ಕಲ್ಲೊತ್ತಿದಂತಾಗುತ್ತದೆ. ಒಂದೇ ಕೀಯನ್ನು ಬೆರಳು ಬದಲಿಸುತ್ತ ಬೇಗ ಬೇಗ ಬಾರಿಸು. ಪೆಡಲನ್ನು ಅರ್ಧ ಒತ್ತಿ ನೋಡು, ದನಿ ಅರ್ಧ ಉಳಿಯುತ್ತದೋ ಪೂರ್ತಿ ಹೋಗುತ್ತದೋ ಕೇಳು. ಇದಕ್ಕೆ ಗ್ರ್ಯಾಂಡ್ ಮುಟ್ಟಿದ ಅನುಭವ ಬೇಕಿಲ್ಲ. ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟರೆ ಪೇಟಿ ನುಡಿಸಿದ ಕಿವಿಯೇ ಹೇಳುತ್ತದೆ. ಅಂಗಡಿಯವರು ಅವಸರಪಡಿಸಿದರೆ ಎದ್ದು ಬಾ, ಊರಿನ ಹೆಸರು ಕೇಳಿದರೆ ಧಾರಾಳವಾಗಿ ಹೇಳು.

ಹಿರೇಕೊಟ್ನೆಕಲ್‌ನ ಮನೆಗೆ ತರುವುದಾದರೆ ಇನ್ನೆರಡು ಮಾತು. ವೋಲ್ಟೇಜು ಏರಿಳಿಯುವ ಕಡೆ ಒಂದು ಸ್ಟೆಬಿಲೈಸರ್, ಧೂಳಿಗೆ ಒಂದು ದಪ್ಪ ಬಟ್ಟೆ, ಅಲುಗಾಡದ ಮೇಜು ಬೇಕು. ಕತ್ತರಿಯಂತೆ ತೆರೆಯುವ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎಂಥ ಒಳ್ಳೆಯ ಕೀಯೂ ತೂಗಾಡುತ್ತದೆ. ಹೆಡ್‌ಫೋನ್ ಇರುವುದು ದೊಡ್ಡ ಅನುಕೂಲ ಎನ್ನುತ್ತಾರೆ. ಎರಡು ಕೋಣೆಯ ಮನೆಯಲ್ಲಿ, ಇಶಾ ನಮಾಜಿನ ನಂತರ ಎಲ್ಲರೂ ಮಲಗುವ ಹೊತ್ತಿನಲ್ಲಿ, ಅದು ನಿಜವೂ ಹೌದು. ಆದರೆ ಮಾಸ್ತರರು ಪೇಟಿ ತೆಗೆದರೆ ಓಣಿಗೆಲ್ಲ ಕೇಳುತ್ತಿತ್ತು, ಹುಡುಗ ತಪ್ಪಿದರೆ ಕಟ್ಟೆಯ ಮೇಲೆ ಕೂತ ಮುದುಕರೂ ಹ್ಞೂಂ ಎಂದು ತಿದ್ದುತ್ತಿದ್ದರು. ಹೆಡ್‌ಫೋನ್ ಹಾಕಿದವನ ಪಿಯಾನೊದಿಂದ ಮನೆಯವರಿಗೆ ಕೇಳುವುದು ಟಕ್ ಟಕ್ ಎಂಬ ಸುತ್ತಿಗೆಗಳ ಸದ್ದಷ್ಟೇ. ದಿನಕ್ಕೊಂದು ಗಂಟೆ, ಅಸರ್ ಮತ್ತು ಮಗ್ರಿಬ್ ನಡುವೆ, ಅದನ್ನು ಕಳಚಿಟ್ಟು ಬಾಗಿಲು ತೆರೆದು ನುಡಿಸು ಎಂದು ಅವನಿಗೆ ಹೇಳಿದ್ದೇವೆ.