ಡೆಲಿವರಿ ಇದೆ, ಸರ್ವಿಸ್ ಇಲ್ಲ

583131 ಹರಪನಹಳ್ಳಿ. 583134 ಕೊಟ್ಟೂರು. 583135 ಕೂಡ್ಲಿಗಿ. 583212 ಹಗರಿಬೊಮ್ಮನಹಳ್ಳಿ. 583219 ಹೂವಿನಹಡಗಲಿ. ಯಾವುದಾದರೂ ಆನ್‌ಲೈನ್ ಅಂಗಡಿಗೆ ಹೋಗಿ, ಒಂದು ಲ್ಯಾಪ್‌ಟಾಪ್ ಆರಿಸಿ, ಈ ಐದರಲ್ಲಿ ಒಂದು ಪಿನ್‌ಕೋಡ್ ಹಾಕಿ ನೋಡಿ. ಹಸಿರು ಅಕ್ಷರದಲ್ಲಿ ಡೆಲಿವರಿ ದಿನಾಂಕ ಬಂದೇ ಬರುತ್ತದೆ. ಈಗ ಅದೇ ಪಿನ್‌ಕೋಡನ್ನು ಆ ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಸರ್ವಿಸ್ ಸೆಂಟರ್ ಹುಡುಕುವ ಪುಟದಲ್ಲಿ ಹಾಕಿ. ಹೆಚ್ಚಿನ ಸಲ ಹೊಸಪೇಟೆ, ಬಳ್ಳಾರಿ, ದಾವಣಗೆರೆಗಳಲ್ಲಿ ಒಂದರ ಹೆಸರು ಬರುತ್ತದೆ. ಕೆಲವು ಸಲ ಹುಬ್ಬಳ್ಳಿ. ಇನ್ನು ಕೆಲವು ಸಲ ಏನೂ ಬರುವುದಿಲ್ಲ. ಒಂದೇ ಊರು, ಒಂದೇ ನಂಬರು. ಮಾರುವಾಗ ಇರುವ ಊರು ರಿಪೇರಿ ಹೊತ್ತಿಗೆ ನಕ್ಷೆಯಿಂದ ಮಾಯ.

ಇದನ್ನು ಓದುತ್ತಿರುವ ಹಲವರು ಬೆಂಗಳೂರಲ್ಲೋ ಪುಣೆಯಲ್ಲೋ ಕೂತಿದ್ದೀರಿ. ನಿಮ್ಮ ಲ್ಯಾಪ್‌ಟಾಪ್ ಕೆಟ್ಟರೆ ಆಫೀಸಿನ ಐಟಿಯವರಿಗೆ ಒಂದು ಮೆಸೇಜು, ಮಧ್ಯಾಹ್ನದೊಳಗೆ ಬದಲಿ ಮಷೀನು. ಆದರೆ ಊರಲ್ಲಿ ತಂಗಿ ಡಿಗ್ರಿ ಓದುತ್ತಿದ್ದಾಳೆ ಅಂತ ಹನ್ನೆರಡು ತಿಂಗಳ ಇಎಂಐ ಮೇಲೆ ಆರ್ಡರ್ ಮಾಡಿ ಕಳಿಸಿದ ಲ್ಯಾಪ್‌ಟಾಪ್ ಇದೆಯಲ್ಲ, ಅದರ ಕತೆ ಬೇರೆ. ನಾನಿಲ್ಲಿ ವಿಮರ್ಶೆ ಮಾಡಲು ಹೊರಟಿರುವುದು ಪ್ರೊಸೆಸರು, ರ್‍ಯಾಮು, ಬ್ಯಾಟರಿಯನ್ನಲ್ಲ. ಅದಕ್ಕೆ ಯೂಟ್ಯೂಬಿನಲ್ಲಿ ಸಾವಿರ ಜನ ಇದ್ದಾರೆ. ಆ ಡಬ್ಬಿಯ ಜೊತೆಗೇ ದುಡ್ಡು ತೆಗೆದುಕೊಂಡು ಮಾರುವ ಇನ್ನೊಂದು ಸಾಮಾನು ಇದೆ, ಅದರ ಹೆಸರು ವಾರಂಟಿ. ಅದನ್ನು ತಾಲ್ಲೂಕಿನಲ್ಲಿ ಕೂತು ಬಳಸಿ ನೋಡಿ ಯಾರೂ ರಿವ್ಯೂ ಬರೆದಂತಿಲ್ಲ.

ಮೊದಲು ಮಾತುಗಳನ್ನೇ ನೋಡೋಣ. 'ಆನ್‌ಸೈಟ್ ವಾರಂಟಿ' ಎಂದರೆ ಇಂಜಿನಿಯರ್ ಮನೆಗೆ ಬರುತ್ತಾನೆ ಅಂತ ನಾವೆಲ್ಲ ಓದಿಕೊಳ್ಳುತ್ತೇವೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಸ್ಥಳಕ್ಕೆ ಅನುಗುಣವಾಗಿ' ಎಂಬರ್ಥದ ಒಂದು ಮಾತಿರುತ್ತದೆ. ಸರ್ವಿಸ್ ಸೆಂಟರಿನಿಂದ ಇಷ್ಟು ಕಿಲೋಮೀಟರ್ ಆಚೆಗಿದ್ದರೆ ನೀವೇ ಹೊತ್ತು ತರಬೇಕು, ಇಲ್ಲವೇ ಕೊರಿಯರ್ ಮಾಡಬೇಕು ಎಂಬುದು ಅದರ ತಾತ್ಪರ್ಯ. ಇನ್ನು 'ನೆಕ್ಸ್ಟ್ ಬಿಸಿನೆಸ್ ಡೇ'. ಇದು ನೀವು ಫೋನ್ ಮಾಡಿದ ಮರುದಿನ ಅಲ್ಲ. ಫೋನಿನಲ್ಲೇ ಎಲ್ಲ ಪರೀಕ್ಷೆ ಮುಗಿದು, ಇದು ಹಾರ್ಡ್‌ವೇರ್ ತೊಂದರೆಯೇ ಅಂತ ಅವರು ಒಪ್ಪಿ, ಬೇಕಾದ ಪಾರ್ಟು ಸ್ಥಳೀಯ ಸೆಂಟರಿಗೆ ಬಂದು ಬಿದ್ದ ಮೇಲಿನ ಮರುದಿನ. ಹಡಗಲಿಯ ಮಲ್ಲಿಗೆ ಬಾಡುವುದರೊಳಗೆ ಬಸ್ಸು ಹತ್ತಿ ಬೇರೆ ಊರು ಮುಟ್ಟುತ್ತದೆ. ಅದೇ ಹಡಗಲಿಗೆ ಒಂದು ಕೀಬೋರ್ಡ್ ಬರಲು ಎರಡು ವಾರ ಹಿಡಿಯುತ್ತದೆ ಅಂದರೆ ರಸ್ತೆಯನ್ನು ಬೈಯುವ ಹಾಗಿಲ್ಲ. ರಸ್ತೆ ಚೆನ್ನಾಗಿಯೇ ಇದೆ, ಡೆಲಿವರಿ ಹುಡುಗ ಅದರ ಮೇಲೇ ಬಂದದ್ದು.

ಈ ಸೀಮೆಗೆ ಇನ್ನೊಂದು ವಿಶೇಷ ತಾಪತ್ರಯ ಇದೆ, ಅದು ಜಿಲ್ಲೆಯದ್ದು. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅಲ್ಲಿಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದಕ್ಕೆ ಸೇರಿತು. ಮೊನ್ನೆಮೊನ್ನೆವರೆಗೂ ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಕೊಟ್ಟೂರು ಈಗ ತಾನೇ ಒಂದು ತಾಲ್ಲೂಕು. ಜನಕ್ಕೆ ಇದು ಗೊತ್ತು, ಕಂದಾಯ ಇಲಾಖೆಗೂ ಗೊತ್ತು. ಕಂಪನಿಗಳ ಡ್ರಾಪ್‌ಡೌನ್ ಪಟ್ಟಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.

ಹರಪನಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳ ಲ್ಯಾಪ್‌ಟಾಪ್ ಎಂಟನೇ ತಿಂಗಳಿಗೆ ಆನ್ ಆಗುವುದನ್ನು ನಿಲ್ಲಿಸಿತು. ಬಿಕಾಂ ಕೊನೆಯ ಸೆಮಿಸ್ಟರ್, ಪ್ರಾಜೆಕ್ಟ್ ರಿಪೋರ್ಟ್ ಒಳಗೇ ಇದೆ. ಕಂಪನಿಯ ಹೆಸರು ಬೇಡ. ಅವಳ ದೂರು ಮೊದಲು ದಾವಣಗೆರೆಯ ಸೆಂಟರಿಗೆ ಹೋಯಿತು. ಅವರು ನಿಮ್ಮದು ನಮ್ಮ ಜಿಲ್ಲೆ ಅಲ್ಲ ಅಂದರು. ಬಳ್ಳಾರಿಗೆ ಹೋಯಿತು. ಅವರು ವಿಜಯನಗರ ಬೇರೆ ಆಯ್ತಲ್ಲ, ಹೊಸಪೇಟೆಗೆ ಕೇಳಿ ಅಂದರು. ಹೊಸಪೇಟೆಯವರು ಸಿಸ್ಟಮ್‌ನಲ್ಲಿ ನಿಮ್ಮ ಊರು ದಾವಣಗೆರೆ ಅಂತಲೇ ತೋರಿಸ್ತಿದೆ ಅಂದರು. ನಾಲ್ಕನೇ ದಿನ ಅವಳು ಫೋನ್ ಮಾಡಿ, "ಅಣ್ಣ, ಲ್ಯಾಪ್‌ಟಾಪ್ ಆಮ್ಯಾಲ ನೋಡೋಣು, ಮೊದ್ಲು ನಾವು ಯಾವ ಜಿಲ್ಲ್ಯಾಗ ಅದೀವಿ ಹೇಳು" ಅಂದಳು. ನಕ್ಕೆ. ಅವಳು ನಗಲಿಲ್ಲ. ರಿಪೋರ್ಟ್ ಕೊಡಲು ಆರೇ ದಿನ ಉಳಿದಿತ್ತು. ಕೊನೆಗೆ ಅವಳು ಗೆಳತಿಯ ಲ್ಯಾಪ್‌ಟಾಪಿನಲ್ಲಿ ಎರಡು ರಾತ್ರಿ ಕೂತು ಇಡೀ ರಿಪೋರ್ಟನ್ನು ಹೊಸದಾಗಿ ಟೈಪ್ ಮಾಡಿದಳು. ಹತ್ತೊಂಬತ್ತನೇ ದಿನ ಮದರ್‌ಬೋರ್ಡ್ ಬದಲಾಯಿತು, ಪುಕ್ಕಟೆಯಾಗಿ. ಕಂಪನಿಯ ಲೆಕ್ಕದಲ್ಲಿ ಇದು ಯಶಸ್ವಿಯಾಗಿ ಬಗೆಹರಿದ ದೂರು.

ಫೋನಿನ ಆ ಕಡೆ ಇರುವವರನ್ನು ನಾನು ಬೈಯುತ್ತಿಲ್ಲ. ಅಲ್ಲೂ ಕೂತಿರುವುದು ಇಂಥದೇ ಒಂದು ಊರಿನಿಂದ ಬಂದ ಹುಡುಗ ಅಥವಾ ಹುಡುಗಿ. ಮುಂದೆ ಒಂದು ಸ್ಕ್ರಿಪ್ಟು, ತಲೆ ಮೇಲೆ ಒಂದು ಕರೆಗೆ ಎಷ್ಟು ನಿಮಿಷ ಅನ್ನುವ ಲೆಕ್ಕ. 'ರೀಸ್ಟಾರ್ಟ್ ಮಾಡಿದ್ರಾ ಮೇಡಂ' ಅಂತ ಮೂರನೇ ಸಲ ಕೇಳುವುದು ಅವರ ದಡ್ಡತನದಿಂದಲ್ಲ, ಆ ಚೌಕ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ತಕರಾರು ಇರುವುದು ಆ ಪುಟ ಬರೆದವರ ಮೇಲೆ. ಕನ್ನಡಕ್ಕೆ ಇಷ್ಟು ಒತ್ತಿ ಅನ್ನುವ ಆಯ್ಕೆ ಕೆಲವು ಕಡೆ ಇರುತ್ತದೆ, ಒತ್ತಿದರೆ ಕಾಯುವ ಸಂಗೀತ ಮಾತ್ರ ಉದ್ದವಾಗುತ್ತದೆ. ಇಂಗ್ಲಿಷಿಗೆ ಹೋದರೆ ಬೇಗ ಸಿಗುತ್ತಾರೆ. ಆದರೆ ಮಷೀನು ಮಗುಚಿ, ಕೆಳಗಿನ ಸೀರಿಯಲ್ ನಂಬರನ್ನು ಬಿ ಫಾರ್ ಬಾಂಬೆ ಅಂತ ಓದಿ ಹೇಳುವಷ್ಟರಲ್ಲಿ ಪಕ್ಕದಲ್ಲಿ ಕೂತ ಅಪ್ಪ ಮಗಳ ಮುಖ ನೋಡಿ, 'ಬಿಡವ್ವ, ಯಾರಿಗಾದ್ರೂ ತೋರಿಸಿದ್ರಾತು' ಅನ್ನುತ್ತಾನೆ. ಎಷ್ಟೋ ವಾರಂಟಿಗಳು ಮುಗಿಯುವುದೇ ಹೀಗೆ. ಅವಧಿ ಇನ್ನೂ ಇರುತ್ತದೆ, ತಾಳ್ಮೆ ಇರುವುದಿಲ್ಲ.

ಇಷ್ಟು ಹೊತ್ತು ಕಾಯಲು ಆಗದವರು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಲ್ಲಿ ಮೊದಲು ಸಿಗುವುದು ಕಂಪನಿಯದೇ ನಂಬರ್ ಆಗಿರಬೇಕೆಂದಿಲ್ಲ. ಫೋನ್ ಎತ್ತಿದವನು ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ, ಎನಿಡೆಸ್ಕ್ ತರದ ಒಂದು ಆ್ಯಪ್ ಹಾಕಿಸುತ್ತಾನೆ, ಹತ್ತು ರೂಪಾಯಿ ನೋಂದಣಿ ಶುಲ್ಕ ಕಟ್ಟಿ ಅನ್ನುತ್ತಾನೆ. ಆಮೇಲೆ ಖಾತೆ ಖಾಲಿ. ಹಾಗೇನಾದರೂ ಆದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು ಎಂದು ಊರಲ್ಲಿರುವವರಿಗೆ ಇವತ್ತೇ ಹೇಳಿಡಿ. ಅಸಲಿ ಸಹಾಯವಾಣಿಗಿಂತ ನಕಲಿಯವನು ಬೇಗ ಸಿಗುತ್ತಾನೆ, ಕನ್ನಡದಲ್ಲೂ ಮಾತಾಡುತ್ತಾನೆ ಅನ್ನುವುದು ಈ ವಿಮರ್ಶೆಯಲ್ಲಿ ನಾನು ಕಂಪನಿಗಳಿಗೆ ಕೊಡಬಹುದಾದ ಅತಿ ಕಡಿಮೆ ಅಂಕ.

ಹಾಗಾದರೆ ಊರಿನ ಅಂಗಡಿಯಲ್ಲೇ ಕೊಳ್ಳಬೇಕಾ? ಅಲ್ಲೂ ಎಲ್ಲ ನೆಟ್ಟಗಿಲ್ಲ. ಆನ್‌ಲೈನಿಗಿಂತ ಎರಡು ಮೂರು ಸಾವಿರ ಜಾಸ್ತಿ ಹೇಳುತ್ತಾರೆ. 18 ಪರ್ಸೆಂಟ್ ಜಿಎಸ್‌ಟಿ ಯಾಕೆ ಕಟ್ತೀರಿ ಅಣ್ಣ, ಬಿಳಿ ಚೀಟಿ ಬರ್ಕೊಡ್ತೀನಿ ಅನ್ನುವವರೂ ಇದ್ದಾರೆ. ಆ ಬಿಳಿ ಚೀಟಿಗೆ ವಾರಂಟಿಯ ಲೋಕದಲ್ಲಿ ಬೆಲೆ ಇಲ್ಲ. ಇಷ್ಟಾದರೂ ಆ ಅಂಗಡಿಗೆ ಒಂದು ಗುಣ ಇದೆ: ಶಟರ್ ಎಲ್ಲಿದೆ ಅಂತ ಗೊತ್ತು. ಲ್ಯಾಪ್‌ಟಾಪ್ ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಅವನ ಟೇಬಲ್ ಮೇಲೆ ಇಟ್ಟು, "ನೋಡಪ್ಪ, ನೀನೇ ಕೊಟ್ಟಿದ್ದು" ಅನ್ನಬಹುದು. ಅವನು ವಾರಕ್ಕೊಮ್ಮೆ ದಾವಣಗೆರೆಗೆ ಸಾಮಾನು ತರಲು ಹೋಗುವಾಗ ನಿಮ್ಮದನ್ನೂ ಒಯ್ಯುತ್ತಾನೆ. ಪಕ್ಕಾ ಜಿಎಸ್‌ಟಿ ಬಿಲ್ ಕೊಟ್ಟರೆ ಆ ಎರಡು ಮೂರು ಸಾವಿರ ದುಬಾರಿ ಅಲ್ಲ. ಒಬ್ಬ ಮನುಷ್ಯನ ಓಡಾಟದ ಕೂಲಿ ಅದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ಹೊಸಪೇಟೆಗೆ ಹೋಗಿಬರುವ ದಿನ ಉಚಿತ ಅಲ್ಲ. ಕಾಲೇಜು ತಪ್ಪುತ್ತದೆ, ಜೊತೆಗೆ ಬಂದ ಅವ್ವನ ಕೂಲಿ ತಪ್ಪುತ್ತದೆ. ಪಾರ್ಟ್ ಬಂದಿಲ್ಲ, ಮುಂದಿನ ವಾರ ಬನ್ನಿ ಅಂದರೆ ಇನ್ನೊಂದು ದಿನ.

ಕರೆಂಟಿನ ವಿಷಯವನ್ನೂ ಹೇಳಬೇಕು. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ಹೋದ ಕರೆಂಟು ಒಮ್ಮೆಲೆ ಬಂದಾಗ ಆಗುವ ಏರಿಳಿತಕ್ಕೆ ಸುಟ್ಟರೆ ಅದು 'ಗ್ರಾಹಕರಿಂದ ಆದ ಹಾನಿ' ಪಟ್ಟಿಗೆ ಸೇರುತ್ತದೆ, ವಾರಂಟಿ ಇಲ್ಲ. ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದಾಗ ಬಲ್ಬು ಮಂಕಾಗುವ ಊರಿನಲ್ಲಿ ಈ ಷರತ್ತಿಗೆ ಏನರ್ಥ? ಮಾರುವಾಗ ಒಂದು ಒಳ್ಳೆಯ ಸ್ಪೈಕ್ ಗಾರ್ಡ್ ತಗೊಳ್ಳಿ ಅಂತ ಯಾವ ಪುಟವೂ ಹೇಳುವುದಿಲ್ಲ. ಬ್ಯಾಗು, ಮೌಸು, ಆ್ಯಂಟಿವೈರಸ್ ತಗೊಳ್ಳಿ ಅಂತ ಮಾತ್ರ ಹೇಳುತ್ತದೆ.

ಸರ್ವಿಸ್ ಸೆಂಟರ್ ಇಲ್ಲದಿದ್ದರೂ ಈ ಐದೂ ಊರುಗಳಲ್ಲಿ ರಿಪೇರಿ ಗೊತ್ತಿರುವ ಕೈಗಳಿವೆ. ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಭೂತಗನ್ನಡಿ ಕೆಳಗೆ ಸೋಲ್ಡರ್ ಮಾಡುವ ಹುಡುಗರನ್ನು ನೋಡಿ. ಅವರಿಗೆ ಬೇಕಾದದ್ದು ಅಸಲಿ ಪಾರ್ಟು ಮತ್ತು ಬೋರ್ಡಿನ ನಕ್ಷೆ. ಕಂಪನಿಗಳು ಎರಡನ್ನೂ ಹೊರಗೆ ಬಿಡುವುದು ಕಡಿಮೆ. ಫ್ರಾನ್ಸ್‌ನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗ ಅದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು ಹತ್ತಕ್ಕೆ ಇಷ್ಟು ಅಂಕ ಅಂತ ಬೆಲೆಯ ಪಕ್ಕದಲ್ಲೇ ಹಾಕಬೇಕು. ನಮ್ಮಲ್ಲಿ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ಲೂ ಬಂತು. ಅದರಲ್ಲಿ ಕಂಪನಿಗಳ ಸರ್ವಿಸ್ ಮಾಹಿತಿ ಸಿಗುತ್ತದೆ. ಕೊಟ್ಟೂರಿನ ಹುಡುಗನ ಕೈಗೆ ಪಾರ್ಟು ಸಿಗುವಂತೆ ಮಾಡುವುದು ಪೋರ್ಟಲ್ ಕೈಯಲ್ಲಿ ಆಗುವ ಕೆಲಸ ಅಲ್ಲ.

ಕಾನೂನು ಮಾತ್ರ ನಾವು ಅಂದುಕೊಂಡಿದ್ದಕ್ಕಿಂತ ಊರಿನ ಪರವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಕಂಪನಿ ಎಲ್ಲೇ ಇರಲಿ, ನೀವು ವಾಸ ಇರುವ ಜಾಗದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕೆಂದಿಲ್ಲ, ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು. ಆನ್‌ಲೈನ್ ಅಂಗಡಿಗಳು ದೂರು ಬಂದ 48 ಗಂಟೆಯಲ್ಲಿ ಸ್ವೀಕೃತಿ ಕೊಟ್ಟು ಒಂದು ತಿಂಗಳಲ್ಲಿ ಬಗೆಹರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಇದಕ್ಕೆಲ್ಲ ಬೇಕಾದದ್ದು ಕಾಗದ: ಬಿಲ್ಲು, ಟಿಕೆಟ್ ನಂಬರ್, ಯಾವ ದಿನ ಯಾರು ಏನು ಹೇಳಿದರು ಎಂಬ ಟಿಪ್ಪಣಿ. ಫೋನಿನಲ್ಲಿ ಜಗಳ ಮಾಡುವ ಬದಲು ಒಂದು ಇಮೇಲ್ ಹಾಕಿ. ಕೂಗಾಟ ದಾಖಲೆ ಆಗುವುದಿಲ್ಲ.

ಇನ್ನೊಂದು ವಿಷಯ ಕೇಳುವಾಗ ಸ್ವಲ್ಪ ಕಸಿವಿಸಿ ಆಗಬಹುದು. ಈ ಟಿಕೆಟ್ ಸಿಸ್ಟಮ್‌ಗಳನ್ನು ಬರೆಯುವವರು ಯಾರು? ನಾವೇ. ಪಿನ್‌ಕೋಡಿಗೂ ಜಿಲ್ಲೆಗೂ ಗಂಟು ಹಾಕುವ ಟೇಬಲ್ಲು, ಮೂರು ದಿನ ಉತ್ತರ ಬರದಿದ್ದರೆ ತಾನೇ ಮುಚ್ಚಿಕೊಳ್ಳುವ ದೂರು, ಮುಚ್ಚಿದ ಕೂಡಲೇ ಐದು ಸ್ಟಾರ್ ಕೇಳುವ ಎಸ್‌ಎಂಎಸ್, ಇವೆಲ್ಲ ಬೆಂಗಳೂರಿನ ಯಾವುದೋ ಟೆಕ್‌ಪಾರ್ಕಿನಲ್ಲಿ ಯಾರದೋ ಸ್ಪ್ರಿಂಟಿನಲ್ಲಿ ಹುಟ್ಟಿದವು. ಅದನ್ನು ಟೆಸ್ಟ್ ಮಾಡುವಾಗ 560001 ಹಾಕಿ, ಎಲ್ಲ ಸರಿ ಇದೆ ಅಂತ ಮುಂದೆ ಕಳಿಸಿರುತ್ತಾರೆ. ಒಂದೇ ಒಂದು ಸಲ 583131 ಹಾಕಿದ್ದರೆ ನನ್ನ ತಂಗಿ ಮೂರು ಊರಿನ ನಡುವೆ ಚೆಂಡಾಗುತ್ತಿರಲಿಲ್ಲ. ಅಂಥ ಟೀಮಿನಲ್ಲಿ ನೀವಿದ್ದರೆ ನಾಳೆ ನಿಮ್ಮೂರಿನ ಪಿನ್‌ಕೋಡ್ ಹಾಕಿ ಏನು ಬರುತ್ತದೆ ನೋಡಿ, ತಪ್ಪು ಬಂದರೆ ಒಂದು ಬಗ್ ಬರೆಯಿರಿ. ಟೀಮಿನಲ್ಲಿ ಇಲ್ಲದಿದ್ದರೆ, ಮುಂದಿನ ಲ್ಯಾಪ್‌ಟಾಪ್ ಊರಿಗೆ ಕಳಿಸುವ ಮುನ್ನ ಡೆಲಿವರಿ ದಿನಾಂಕಕ್ಕಿಂತ ಮೊದಲು ಸರ್ವಿಸ್ ಸೆಂಟರ್ ಪಟ್ಟಿ ತೆಗೆಯಿರಿ. ಬಿಲ್ಲನ್ನು ಬಳಸುವವರ ಹೆಸರಿಗೆ, ಅವರ ಊರಿನ ವಿಳಾಸಕ್ಕೇ ಮಾಡಿಸಿ. ಆ ಊರಿಗೆ ಇಂಜಿನಿಯರ್ ಬರುತ್ತಾನಾ ಅಂತ ಕಂಪನಿಗೆ ಇಮೇಲ್‌ನಲ್ಲಿ ಕೇಳಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ.